ನನ್ನ ಮೋನೋ ತಟ್ಟೆಯೂ ಶನಿವಾರದ ಭಜನೆಯೂ

ಒಂದೇ ಹಾಡನ್ನು ಎರಡು ಸಲ ದುಡ್ಡು ಕೊಟ್ಟು ಕೊಳ್ಳುವವನಿಗೆ ತಲೆ ನೆಟ್ಟಗಿಲ್ಲ ಎಂದು ಲೋಕ ಭಾವಿಸುತ್ತದೆ. ಲೋಕವಾದರೂ ಬೆನ್ನ ಹಿಂದೆ ಆಡಿಕೊಳ್ಳುತ್ತದೆ. ನನ್ನ ಹೆಂಡತಿ ಸುನಂದಾ ಎದುರಿಗೇ ಹೇಳುತ್ತಾಳೆ. ಅರವತ್ತರ ದಶಕದ ಒಂದು ವಿಲಾಯಿತಿ ರಾಕ್ ತಂಡದ ಒಂದೇ ಆಲ್ಬಮ್ಮಿನ ಗ್ರಾಮಫೋನ್ ತಟ್ಟೆಗಳು ನನ್ನ ಬಳಿ ಎರಡಿವೆ. ಒಂದು ಸ್ಟೀರಿಯೋ, ಇನ್ನೊಂದು ಮೋನೋ. ಈ ಮೋನೋ ತಟ್ಟೆ ನನ್ನ ಪ್ರಾಣ. ಗ್ರೇಟರ್ ನೋಯ್ಡಾದಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ಅದನ್ನು ಕೊಂಡು, ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ಎದುರಿಗೆ ನಿಂತಿದ್ದ ಅಜ್ಜನಿಗೂ ಸೀಟು ಬಿಡದೆ ದಿಲ್ಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿಗೆ ತಂದ ಪಾಪಿ ನಾನು. ಮಗಳು ಸಿಂಚನಾ ಎರಡನ್ನೂ ತಿರುವಿ ನೋಡಿ, "ಅಪ್ಪಾ, ಸೇಮ್ ಫೋಟೋ, ಸೇಮ್ ಗಾನೇ. ದೋ ಕ್ಯೂಂ?" ಎಂದಿದ್ದಳು.

ದೀಪಾವಳಿಯ ಮನೆ ಸಫಾಯಿಯಲ್ಲಿ ಎರಡೇಕೆ ಎಂಬ ಅದೇ ಪ್ರಶ್ನೆ ತೀರ್ಪಾಗಿ ಬಂತು. "ರೀ, ಎರಡರಲ್ಲಿ ಒಂದು ಗುಜರಿ ಒಯ್ಯೋ ಕಬಾಡಿ ಭಯ್ಯಾಗೆ ಹೋಗ್ಬೇಕು. ಯಾವುದು ಅಂತ ನೀವೇ ಹೇಳಿ." ಕೂಡಲೇ ಉಪನ್ಯಾಸ ಶುರುಮಾಡಿದೆ. ಆ ಕಾಲದಲ್ಲಿ ತಂಡದವರು ಮುತುವರ್ಜಿಯಿಂದ ಮಾಡಿಸುತ್ತಿದ್ದದ್ದು ಮೋನೋ. ಸ್ಟೀರಿಯೋ ಆಗಿನ್ನೂ ಹೊಸ ಶೋಕಿ. ಗಾಯಕನನ್ನು ಬಲಗಡೆಯ ಸ್ಪೀಕರಿಗೆ ಅಟ್ಟಿ, ವಾದ್ಯಗಳನ್ನೆಲ್ಲ ಎಡಗಡೆ ತುಂಬಿಬಿಡುತ್ತಿದ್ದರು. ಸ್ಟೀರಿಯೋ ಎಂದರೆ ಅನ್ನ ಒಂದು ಕಡೆ, ಸಾರು ಒಂದು ಕಡೆ. ಮೋನೋ ಎಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಹದವಾಗಿ ಬೆರೆತ ಬಿಸಿಬೇಳೆಬಾತ್. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ಪುರಾವೆ ತೋರಿಸುವ ಚಪಲ ನೋಡಿ, ಸ್ಟೀರಿಯೋ ತಟ್ಟೆ ಹಾಕಿ, ಬ್ಯಾಲೆನ್ಸ್ ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಲಗಡೆಯ ಸ್ಪೀಕರಿನ ಬಾಯಿ ಮುಚ್ಚಿಸಿದೆ. ಗಾಯಕ ಮಾಯ! ಬರೀ ಡ್ರಮ್ಮು, ಗಿಟಾರು.

"ಕೇಳಿದೆಯಾ ಇದರ ಅವಸ್ಥೆ?" ಎಂದು ವಿಜಯದ ನಗೆ ಬೀರಿದೆ. ಸುನಂದಾ ತೊಡೆಯ ಮೇಲೆ ತಾಳ ಹಾಕುತ್ತ, ಆ ಡ್ರಮ್ಮಿಗೆ ಸರಿಯಾಗಿ ಒಂದು ದೇವರನಾಮ ಎತ್ತಿಕೊಂಡಳು. ಅಯ್ಯೋ ಶಿವನೇ, ಕೂತೂ ಬಿಟ್ಟಿತು! "ನಮ್ಮ ಶನಿವಾರದ ಭಜನೆಗೆ ತಬಲಾದವರು ಸಿಗ್ತಿಲ್ಲ ಅಂತ ಒದ್ದಾಡ್ತಿದ್ವಿ. ಇದು ಮನೇಲಿರಲಿ. ಆ ಬಿಸಿಬೇಳೆಬಾತ್ ಕಳಿಸಿಬಿಡಿ" ಎಂದಳು.

ಕಳಿಸಲು ನನಗೇನು ಹುಚ್ಚೇ? ಮೋನೋ ತಟ್ಟೆಯನ್ನು ಸ್ಟೀರಿಯೋದ ಕವರಿನೊಳಗೇ ತುರುಕಿ, ಮೋನೋದ ಖಾಲಿ ಕವರನ್ನು ಮಾತ್ರ ಹಳೆಯ ಪೇಪರಿನ ಜೊತೆ ಕಬಾಡಿಯವನಿಗೆ ಹಾಕಿದೆ. ಅಷ್ಟು ಚಂದದ ಕವರು ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು, ನಿಜ. ಆದರೂ ತಟ್ಟೆ ಉಳಿಯಿತು.

ಶನಿವಾರ ಹೆಂಗಸರು ಸೇರಿದರು. ಭಜನೆಯ ಮುಖಂಡರು ಮೇಲಿನ ಮನೆಯ ಪದ್ಮಾ ಆಂಟಿ. ಕಣ್ಣು ಮುಚ್ಚಿದರೆ ಮಂಗಳದವರೆಗೂ ತೆರೆಯುವವರಲ್ಲ. ನಾಬಿನ ಉಸ್ತುವಾರಿ ನನ್ನದು. ಗಡಿಬಿಡಿಯಲ್ಲಿ ಕವರಿನಿಂದ ಕೈಗೆ ಬಂದ ತಟ್ಟೆಯನ್ನೇ ಹಾಕಿಬಿಟ್ಟೆ. ದೇವರನಾಮದ ಪಲ್ಲವಿಗೆ ಸರಿಯಾಗಿ ವಿಲಾಯಿತಿ ಗಾಯಕ ಗಂಟಲು ಬಿಚ್ಚಿದ. ನಾಬನ್ನು ಎಡಕ್ಕೆ ತಿರುಗಿಸಿದೆ, ಇದ್ದ. ಬಲಕ್ಕೆ ತಿರುಗಿಸಿದೆ, ಅಲ್ಲೂ ಇದ್ದ. ಹಾಕಿದ್ದು ಮೋನೋ! ಸುನಂದಾ ಹಾಡುತ್ತಲೇ ನನ್ನನ್ನು ನೋಡಿದ ನೋಟದಲ್ಲಿ ಕಬಾಡಿ ಭಯ್ಯಾ ನನ್ನನ್ನೇ ತೂಕಕ್ಕೆ ಹಾಕುತ್ತಿರುವುದು ಕಾಣಿಸಿತು.

ಮಂಗಳ ಮುಗಿಸಿ ಪದ್ಮಾ ಆಂಟಿ ಕಣ್ಣು ತೆರೆದರು. "ನಿಮ್ಮ ಕಡೆಯಿಂದ ಗಂಡು ದನಿ ಬಂತಲ್ಲ, ನೀವೇ ಏನ್ರೀ ಹಾಡಿದ್ದು? ಅಚ್ಛಾ ಕಂಠ! ಪದ ಮಾತ್ರ ಸ್ವಲ್ಪ ಬಿಡಿಸಿ ಹೇಳ್ಬೇಕು." ನಿಜ ಹೇಳಿದರೆ ಮೋನೋ ಬೆಳಗ್ಗೆಯೇ ಕಬಾಡಿ ಗಾಡಿ ಹತ್ತುತ್ತದೆ. "ಹೂಂ ಆಂಟಿ, ನಾನೇ" ಎಂದೆ. ಸುನಂದಾ ಸಿಹಿಯಾಗಿ ನಕ್ಕಳು. "ಹಾಗಾದ್ರೆ ಇನ್ಮೇಲೆ ಪ್ರತಿ ಶನಿವಾರ ಇವರೂ ಹಾಡ್ತಾರೆ, ಆಂಟಿ."

ಮೋನೋ ಮನೆಯಲ್ಲೇ ಉಳಿಯಿತು. ನಾನು ಹಾಡುತ್ತಿದ್ದೇನೆ. ಹೋದ ಶನಿವಾರ ಸ್ಟೀರಿಯೋದ ಡ್ರಮ್ಮಿಗೆ ನಾನು ಬಾಯಿ ತೆರೆದದ್ದೇ ತಡ, ಪದ್ಮಾ ಆಂಟಿ ಎಂದೂ ಇಲ್ಲದೆ ಭಜನೆಯ ನಡುವೆ ಕಣ್ಣು ಬಿಟ್ಟರು. "ಸುನಂದಾ, ಹಾಡೋರ ದನಿ ಮಾಯ ಮಾಡೋ ಆ ನಾಬ್ ತಿರುಗಿಸಮ್ಮ. ಇವರ ದನಿ ಹೋಗುತ್ತಾ ನೋಡೋಣ."

"ಹೋಗಲ್ಲ ಆಂಟಿ," ಎಂದಳು ಸುನಂದಾ, "ಇವರು ಮೋನೋ."