ನಕ್ಷತ್ರಯುದ್ಧದ ಪುಸ್ತಕಕ್ಕೆ ಹತ್ತು ಓದುಗರು

ಪುಸ್ತಕ ಕೊಡುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವಳು ನಾನು. "ಇದನ್ನು ಓದಿ, ಚೆನ್ನಾಗಿದೆ" ಎಂದು ಬಾಯಿಬಿಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗಿದೆ. ಆದರೂ ಬಾಯಿ ಸುಮ್ಮನಿರುವುದಿಲ್ಲ.

ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ಒಂದೇ ಕೋಣೆಯ ಲೈಬ್ರರಿ ನಮ್ಮದು. ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲದಲ್ಲಿ ನಾನೇ ಹಟ ಹಿಡಿದು ಎಂಟುನೂರು ಪುಟದ ಕಥಾಸಂಗ್ರಹವೊಂದನ್ನು ತರಿಸಿದೆ. ನಲವತ್ತು ಕಥೆ, ಒಂದು ಮುಗಿದಲ್ಲಿಂದ ಇನ್ನೊಂದು ಶುರು. ಎಲ್ಲದರಲ್ಲೂ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಹಡಗುಗಳು, ಅದೇ ಒಬ್ಬ ಸಾಮ್ರಾಟ, ಆಕಾಶದಲ್ಲೇ ಯುದ್ಧ. ತಪಾಸಣೆಗೆ ಬಂದ ಸಾಹೇಬರು ಅದನ್ನು ಕೈಯಲ್ಲಿ ತೂಗಿ ನೋಡಿ, "ಮೀನಿನ ಊರಲ್ಲಿ ಇದನ್ನು ಯಾರಮ್ಮ ಓದುತ್ತಾರೆ?" ಎಂದರು. ಬರುವ ಮಳೆಗಾಲ ಮುಗಿಯುವುದರೊಳಗೆ ಹತ್ತು ಜನ ಓದಿ ರಿಜಿಸ್ಟರಿನಲ್ಲಿ ಸಹಿ ಹಾಕದಿದ್ದರೆ ಪುಸ್ತಕ ವಾಪಸ್ ಉಗ್ರಾಣಕ್ಕಂತೆ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಜನ ಎಂಥವರೆಂದು ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ.

೧. ಕೆಂಪು ಪೆನ್ಸಿಲ್

ಮೊದಲು ಸಿಕ್ಕಿದವರು ನಿವೃತ್ತ ಹೆಡ್‌ಮಾಸ್ತರರು. ಹೊಗಳಿ ಹೊಗಳಿ ಪುಸ್ತಕ ದಾಟಿಸಿದೆ. ತಿಂಗಳ ಮೇಲೆ ತಂದುಕೊಟ್ಟರು. ತೆರೆದು ನೋಡಿದರೆ ಪ್ರತಿ ಕಥೆಯ ಕೊನೆಗೂ ಕೆಂಪು ಪೆನ್ಸಿಲಿನಲ್ಲಿ ಇಪ್ಪತ್ತೈದಕ್ಕೆ ಇಷ್ಟು ಎಂದು ಅಂಕ ಬಿದ್ದಿದೆ. ಒಂದು ಕಥೆ ಮಾತ್ರ ಫೇಲು. ಅದರಡಿಯಲ್ಲಿ, "ರಾಜಕುಮಾರಿಯ ನಡತೆ ಸುಧಾರಿಸಬೇಕು" ಎಂದು ಷರಾ ಬೇರೆ.

ಸುದ್ದಿ ಸಂಜೆಯೊಳಗೆ ಪೇಟೆಯೆಲ್ಲ ಹಬ್ಬಿತು. ಮರುದಿನದಿಂದ ಬಂದವರೆಲ್ಲ ಆ ರಾಜಕುಮಾರಿಯ ಕಥೆಯನ್ನೇ ಕೇಳಿದರು, ಕಪಾಟಿನ ಎದುರು ನಿಂತಲ್ಲೇ ಓದಿ ಮುಗಿಸಿದರು, ಮನೆಗೆ ಹೋದರು. ಮೂವತ್ತು ಜನ ಓದಿದರೂ ಸಹಿ ಹಾಕಿದವರು ಮಾಸ್ತರರು ಒಬ್ಬರೇ.

೨. ಮೇಲಿನ ಲೋಕದವರು

ಎರಡನೆಯವ ಕೊಲ್ಲೂರಿಗೆ ಜೀಪು ಓಡಿಸುವವ. ಆಯುಧಪೂಜೆಯ ದಿನ ಜೀಪಿನ ಜೊತೆ ಓದುವ ಪುಸ್ತಕಕ್ಕೂ ಪೂಜೆ ಆಗಲಿ ಎಂದು ಕುಂಕುಮ ಹಚ್ಚಿ, ಹೂವಿಟ್ಟು, ಸ್ಟೇರಿಂಗಿನ ಮುಂದೆಯೇ ಇಟ್ಟಿದ್ದಾನೆ. ಮರುದಿನ ಹತ್ತಿದ ಯಾತ್ರಿಕರು ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡು, ಯಾವ ಪುರಾಣ ಎಂದು ಕೇಳಿದರಂತೆ. ಇವನು ಸುಳ್ಳು ಹೇಳುವ ಆಸಾಮಿಯಲ್ಲ. ಮೇಲಿನ ಲೋಕದವರ ಕಥೆ ಎಂದ. ಹಾಗಾದರೆ ಹೇಳು ಎಂದು ಹಿಡಿದು ಕೂತರು. ಕೊಲ್ಲೂರು ಮುಟ್ಟಿದರೂ ಯಾರೊಬ್ಬರೂ ಇಳಿಯಲಿಲ್ಲ. ಸಾಮ್ರಾಟ ಸೋಲದೆ ದರ್ಶನಕ್ಕೆ ಹೋಗುವುದಿಲ್ಲ ಎಂದರಂತೆ.

"ಅಕ್ಕ, ಇನ್ನೊಂದ್ ಸಲ ಸಣ್ ಕಥೆದ್ ಪುಸ್ತಕ ಕೊಡಿ. ನಂಗೆ ಮಧ್ಯಾಹ್ನದ್ ಟ್ರಿಪ್ಪೇ ತಪ್ಪಿ ಹೋಯ್ತ್" ಎಂದು ಸಹಿ ಹಾಕಿ ಹೋದ.

೩. ಹೆಬ್ಬೆಟ್ಟು

ಮಳೆಗಾಲ ಬಂತು. ಸಹಿ ಎರಡೇ. ಕಡಲಿಗೆ ಹೋಗುವಂತಿಲ್ಲದ ಆ ಎರಡು ತಿಂಗಳು ಬೋಟಿನವರೆಲ್ಲ ಪಕ್ಕದ ಗಂಗೊಳ್ಳಿ ಬಂದರಿನ ಶೆಡ್ಡಿನಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾರೆ. ಬೋಟು ನಡೆಸುವ ತಾಂಡೇಲರೊಬ್ಬರು ಪೇಪರು ಓದಲು ಬಂದಾಗ ಪುಸ್ತಕವನ್ನು ಅವರ ಕೈಗೆ ತುರುಕಿದೆ.

ವಾರ ಬಿಟ್ಟು ಶೆಡ್ಡಿಗೆ ಹೋದರೆ ತಾಂಡೇಲರು ದೊಡ್ಡ ದನಿಯಲ್ಲಿ ಓದುತ್ತಿದ್ದಾರೆ, ಎಂಟು ಜನ ಬಲೆ ಹೆಣೆಯುತ್ತ ಕೇಳುತ್ತಿದ್ದಾರೆ. ಒಣಮೀನು ಮಾರಿ ಬಂದ ಮುದುಕಿಯೂ ಖಾಲಿ ಬುಟ್ಟಿ ಬದಿಗಿಟ್ಟು ಕೂತಿದ್ದಾಳೆ. ನನ್ನನ್ನು ಕಂಡದ್ದೇ ತಾಂಡೇಲರು ದೂರು ತೆಗೆದರು. "ಹ್ವಾಯ್, ಈ ಕ್ಯಾಪ್ಟನ್ ಸ್ಟೇರಿಂಗ್ ಬಿಟ್ಟಿಕಿ ಗುದ್ದಾಟಕ್ಕೆ ಹೋತ. ಹಡಗು ಕಾಂಬುಕೆ ಯಾರಿದ್ರ್?" ಹಡಗು ನೋಡಿಕೊಳ್ಳುವವರೇ ಇಲ್ಲವೆಂದು ಉಳಿದವರೂ ತಲೆಯಾಡಿಸಿದರು. ನನಗೆ ಖುಷಿಯಲ್ಲಿ ಕಣ್ಣು ಮಂಜಾಯಿತು.

ಮರುದಿನ ಹತ್ತೂ ಜನರನ್ನು ಕರೆಸಿ ಸದಸ್ಯರನ್ನಾಗಿ ಮಾಡಿದೆ. ಒಬ್ಬರು ಪುಸ್ತಕ ತೆಗೆದುಕೊಂಡು ಸಹಿ ಹಾಕುವುದು, ಓದಿ ಕೊಟ್ಟೆ ಎಂದು ಇನ್ನೊಂದು ಸಹಿ ಹಾಕುವುದು, ಹಿಂದೆ ನಿಂತವರಿಗೆ ದಾಟಿಸುವುದು. ಮುದುಕಿ ಎರಡೂ ಕಡೆ ಹೆಬ್ಬೆಟ್ಟು ಒತ್ತಿದಳು. ಅರ್ಧ ಗಂಟೆಯಲ್ಲಿ ಕೆಲಸ ಮುಗಿದು ಪುಸ್ತಕ ಮತ್ತೆ ಶೆಡ್ಡಿಗೆ ಹೋಯಿತು.

ಹದಿನೈದು ದಿನಕ್ಕೆ ಸಾಹೇಬರು ಬಂದರು. ಸಹಿಯ ರಿಜಿಸ್ಟರು ಪೂರ್ತಿ ನೋಡಿ ಕನ್ನಡಕ ತೆಗೆದರು. "ಒಂದೇ ದಿನ ಹತ್ತು ಜನ ಎಂಟೆಂಟುನೂರು ಪುಟ ಓದಿದ್ದಾರೆ. ಅದರಲ್ಲೊಂದು ಹೆಬ್ಬೆಟ್ಟು!"

"ಬನ್ನಿ ಸರ್, ಅವರನ್ನೇ ಕೇಳಿ" ಎಂದು ಶೆಡ್ಡಿಗೆ ಕರೆದುಕೊಂಡು ಹೋದೆ. ಸಾಹೇಬರು ತಾಂಡೇಲರ ಕೈಯಿಂದ ಪುಸ್ತಕ ತೆಗೆದುಕೊಂಡು ನೇರ ಕೊನೆಯ ಪುಟ ಬಿಡಿಸಿ, ಪರೀಕ್ಷೆ ಮಾಡುವ ಗತ್ತಿನಲ್ಲಿ, "ಹೇಳಿ ನೋಡುವ. ಕಟ್ಟಕಡೆಗೆ ಈ ಸಾಮ್ರಾಟನನ್ನು ಕೊಂದದ್ದು..." ಎನ್ನುವಷ್ಟರಲ್ಲಿ ಮುದುಕಿ ಎದ್ದು ಮೀನಿನ ಕೈಯನ್ನು ಪುಟದ ಮೇಲೆ ಇಟ್ಟೇಬಿಟ್ಟಳು.

"ಕಡಿಗ್ ಎಂತ ಆಯ್ತ್ ಅಂದೇಳಿ ಹೇಳ್ಬೇಡಿ ಸಾಹೇಬ್ರೆ. ನಮ್ದ್ ಇನ್ನೂ ಮುನ್ನೂರನೇ ಪುಟ."

ಓದಿ ಕೊಟ್ಟಿದ್ದೇವೆ ಎಂದು ಸಹಿ ಹಾಕಿದ್ದ ಉಳಿದವರೂ ಹೇಳ್ಬೇಡಿ, ಹೇಳ್ಬೇಡಿ ಎಂದು ಕಿವಿ ಮುಚ್ಚಿಕೊಂಡರು. ನನ್ನ ಕಳ್ಳತನ ಬಟಾಬಯಲಾಯಿತು. ಆದರೂ ಆ ಹೊತ್ತಿಗೆ ನನಗೆ ಆದಷ್ಟು ಹೆಮ್ಮೆ ಮತ್ತೆಂದೂ ಆದದ್ದಿಲ್ಲ.

ಸಾಹೇಬರು ನನ್ನನ್ನು ನೋಡಿದರು. ಪುಟದ ಮೇಲಿದ್ದ ಕೈಯನ್ನು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ತಾಂಡೇಲರಿಗೆ ಕೊಟ್ಟು, ಚಪ್ಪಲಿ ಬಿಟ್ಟು, ಬಲೆಯ ರಾಶಿಯ ಮೇಲೆ ಕೂತರು.

"ಮುನ್ನೂರನೇ ಪುಟದ ತನಕ ಏನಾಯಿತು," ಎಂದರು, "ಸ್ವಲ್ಪ ಮೊದಲಿಂದ ಹೇಳಿ."