ಅಪಾ ಬಂದರು, ಮರ್ಯಾದೆ ಹೋಯಿತು

ಮರ್ಯಾದೆ ಮಾಡಲು ಹೋಗಿ ಮರ್ಯಾದೆ ಕಳೆದುಕೊಳ್ಳುವುದು ನಮ್ಮ ಮನೆಯಲ್ಲಿ ನಡೆಯುತ್ತಲೇ ಇರುತ್ತದೆ. ಆದರೆ ಇಲ್ಲಿಯವರೆಗೆ ಕೊಯಮತ್ತೂರಿನ ಒಳಗೇ ಕಳೆದುಕೊಳ್ಳುತ್ತಿದ್ದೆವು. ಈ ಸಲದ ಬೇಸಿಗೆಯಲ್ಲಿ ಅದು ಕಜಕಸ್ತಾನದವರೆಗೆ ಹೋಯಿತು.

ನನ್ನ ಮಗಳು ಅಲ್ಮಾಟಿಯಲ್ಲಿ ಡಾಕ್ಟರಿಕೆ ಓದುತ್ತಾಳೆ. ಅಲ್ಲಿ ಅವಳಿಗೆ ರೂಮು ಕೊಟ್ಟಿರುವ ಹೆಂಗಸನ್ನು ಅಪಾ ಎಂದು ಕರೆಯುತ್ತಾಳೆ. ಅಲ್ಲಿ ಹಿರಿಯ ಹೆಂಗಸರನ್ನು ಹಾಗೇ ಕರೆಯುವುದಂತೆ. ಹಿಮದಲ್ಲಿ ನೆಂದ ಬೂಟು ಒಣಗಿಸಿಟ್ಟು, ಜ್ವರ ಬಂದರೆ ಪಕ್ಕ ಕೂತು ಸೂಪು ಕುಡಿಸುವ ತಾಯಿ. ಮಂಡಿನೋವಿಗೆ ನಮ್ಮೂರಿನ ಎಣ್ಣೆ ಚಿಕಿತ್ಸೆ ಒಳ್ಳೆಯದೆಂದು ಕೇಳಿ, ರಜೆಗೆ ಬರುವ ಮಗಳ ಜೊತೆ ಹೊರಟಿದ್ದರು.

ಮಗಳು ಮೊದಲೇ ಫೋನಿನಲ್ಲಿ ಹೇಳಿದ್ದಳು: "ಅಮ್ಮಾ, ಅಪಾನ ತಂಗಿ ಮಗ ಮುಂದಿನ ವರ್ಷ ಓದೋಕೆ ಅಲ್ಮಾಟಿಗೆ ಬರ್ತಾನೆ. ನನ್ನ ರೂಮು ಅವನಿಗೆ ಕೊಟ್ರೂ ಕೊಡಬಹುದು. ಆಮೇಲೆ ನಾನು ಎಲ್ಲಿಗೆ ಹೋಗಲಿ? ಸ್ವಲ್ಪ ನೋಡ್ಕೊಂಡು ನಡ್ಕೋ."

ನಾನು ಪೀಳಮೇಡಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ, ಯಾರ ಎದುರು ಹೇಗೆ ಮಾತಾಡಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಹುಡುಗರಿಗೆ ಪಾಠ ಮಾಡುವವಳು. "ನನಗೇ ಹೇಳ್ಕೊಡ್ತೀಯಾ?" ಎಂದೆ.

ಹೊಸ್ತಿಲು

ಟ್ಯಾಕ್ಸಿ ನಿಂತ ಸದ್ದು ಕೇಳಿದ್ದೇ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. "ಅಲ್ಲೇ ನಿಲ್ಲಿಂಗೊ ಅಮ್ಮಣಿ, ಅಲ್ಲೇ!" ಎಂದು ಕನ್ನಡಕ್ಕೆ ಊರಿನ ತಮಿಳು ಬೆರೆಸಿ ಅಪಾಳನ್ನು ಹೊಸ್ತಿಲ ಆಚೆಯೇ ತಡೆದರು. ನಾನು ಒಳಗಿನಿಂದಲೇ ನಗುತ್ತಾ ಕೈ ಚಾಚಿದೆ. ಅಪಾ ತಮ್ಮ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ನನ್ನ ಕೈ ಗಾಳಿಯಲ್ಲೇ ಉಳಿಯಿತು.

"ಅಮ್ಮಾ, ಅವರಲ್ಲಿ ಹೊಸ್ತಿಲ ಆಚೆ ಈಚೆ ನಿಂತು ಕೈ ಕೊಡಬಾರದು, ಜಗಳ ಆಗುತ್ತಂತೆ," ಎಂದಳು ಮಗಳು. "ಹೊಸ್ತಿಲು ತುಳಿಯಲೂಬಾರದು. ಮೊದಲು ಒಳಗೆ ಬಿಡು."

"ಆರತಿ ಎತ್ತದೆ ಒಳಗೆ ಬಿಡೋದಾ?" ಅತ್ತೆ ತಟ್ಟೆ ಅಡ್ಡ ಹಿಡಿದರು. "ಒಳಗೆ ಬಂದ ಮೇಲೆ ಯಾಕೆ ಎತ್ತಬೇಕು, ಕರೆಂಟ್ ಹೋಗಿದೆಯಾ?"

ಇಂಥ ಹೊತ್ತಿನಲ್ಲಿ ದಾರಿ ಹುಡುಕುವುದೇ ನನ್ನ ಕೆಲಸವಲ್ಲವೇ? "ಎಲ್ಲರೂ ಹೊರಗೇ ಹೋಗೋಣ," ಎಂದೆ. ಹೋದೆವು. ಆರತಿ ಆಯಿತು, ಕೈ ಕೊಟ್ಟಿದ್ದಾಯಿತು, ಅಪ್ಪಿಕೊಂಡಿದ್ದೂ ಆಯಿತು. ಅಷ್ಟರಲ್ಲಿ ಗಾಳಿ ಬೀಸಿ ನಮ್ಮ ಹಿಂದೆ ಬಾಗಿಲು ಟಕ್ ಎಂದು ಹಾಕಿಕೊಂಡಿತು. ಕೀಲಿ ಒಳಗೆ. ಇನ್ನೊಂದು ಕೀಲಿ ಕುರಿಚಿಯ ಫೌಂಡ್ರಿಗೆ ಕೆಲಸಕ್ಕೆ ಹೋಗಿದ್ದ ನಮ್ಮವರ ಜೇಬಿನಲ್ಲಿ.

ಮಂಡಿನೋವಿನ ಅಪಾ ಬೀದಿಯಲ್ಲಿ ತಮ್ಮ ಪೆಟ್ಟಿಗೆಯ ಮೇಲೆ ಕೂತರು. ಎದುರು ಮನೆಯಾಕೆ ಗೇಟಿನ ಹತ್ತಿರ ಬಂದು ತಮಿಳಿನಲ್ಲಿ ಕೇಳಿದರು: "ಆರತಿ ಎತ್ತಿ ಒಳಗೆ ಕರ್ಕೊಂಡು ಹೋಗೋದನ್ನ ನೋಡಿದೀನಿ. ಆರತಿ ಎತ್ತಿ ಹೊರಗೆ ಕೂರಿಸೋದು ನಿಮ್ಮ ಕನ್ನಡದವರ ಪದ್ಧತಿಯಾ?"

ತುಂಬಿದ ಲೋಟ

ಪ್ರಯಾಣದ ಸುಸ್ತಿಗೆ ಮಗಳು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅಪಾ ಮತ್ತು ನಾನು ಮಾತಾಡಿದ್ದೆಲ್ಲ ಫೋನಿನ ಅನುವಾದದ ಆ್ಯಪ್ ಮೂಲಕ. ಅವರು ಕಜಕ್‌ನಲ್ಲಿ ಹೇಳಿದ್ದನ್ನು ಫೋನಿನೊಳಗಿನ ಹೆಂಗಸು ಶುದ್ಧ ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದಳು.

ಕಾಫಿ ಎಂದರೆ ನಮ್ಮಲ್ಲಿ ನೊರೆ ಅಂಚು ದಾಟಬೇಕು. ಹಾಗೇ ಕೊಟ್ಟೆ. ಅಪಾ ಲೋಟ ನೋಡಿದರು, ನನ್ನನ್ನು ನೋಡಿದರು, ಬೇಗಬೇಗ ಕುಡಿದು ಎದ್ದು ತಮ್ಮ ಕೋಣೆಗೆ ಹೋದರು. ಸಂಜೆ ಟೀ ಕೊಟ್ಟಾಗಲೂ ಹಾಗೇ. ಪಾಪ, ಎಷ್ಟು ಸಂಕೋಚ ಎಂದುಕೊಂಡು, ಇನ್ನೊಂದು ಲೋಟ ತುಂಬಿಸಿ ಕೋಣೆಗೇ ತೆಗೆದುಕೊಂಡು ಹೋದೆ.

ಮೂರನೆಯ ದಿನ ಎದ್ದು ಬಂದ ಮಗಳು ಲೋಟ ನೋಡಿ ತಲೆ ಹಿಡಿದುಕೊಂಡಳು. "ಅಯ್ಯೋ ಅಮ್ಮಾ! ಅವರಲ್ಲಿ ಅರ್ಧ ಕೊಟ್ರೆ, ಕೂತಿರಿ, ಮತ್ತೆ ಮತ್ತೆ ಕೊಡ್ತೀನಿ ಅಂತ. ತುಂಬಿಸಿ ಕೊಟ್ರೆ, ಇದನ್ನ ಕುಡಿದು ಹೊರಡಿ ಅಂತ!"

ಎರಡು ದಿನದಿಂದ ನಾನು ಆ ಹೆಂಗಸಿಗೆ, ನಗುನಗುತ್ತಾ, ಹೊರಡಿ ಹೊರಡಿ ಎನ್ನುತ್ತಿದ್ದೆ. ಕೋಣೆಯ ತನಕ ಬೆನ್ನಟ್ಟಿಕೊಂಡು ಹೋಗಿ ಹೇಳಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಕ್ಷಣ ಅರ್ಧ ಲೋಟ ಕಾಫಿ ತಂದಿಟ್ಟೆ.

ಅತ್ತೆ ನೋಡಿದರು. "ಏನೇ ಇದು, ಹಾಲು ತೀರಿಹೋಯ್ತಾ? ಕಡಲಾಚೆಯಿಂದ ಬಂದೋರಿಗೆ ಅರೆ ಲೋಟ ಕೊಡ್ತೀಯಲ್ಲ, ಮಾನ ಇಲ್ವಾ ನಮಗೆ?" ಎಂದು ಪಾತ್ರೆಯಲ್ಲಿದ್ದ ಕಾಫಿ ಸುರಿದು ಅಂಚಿನವರೆಗೆ ತುಂಬಿಸಿಬಿಟ್ಟರು.

ಅಪಾ ಏನೋ ಹೇಳಿದರು. ಮಗಳು ಅನುವಾದ ಮಾಡಲು ಒಪ್ಪಲಿಲ್ಲ. ಫೋನಿಗೆ ಅಂಥ ದಾಕ್ಷಿಣ್ಯವಿಲ್ಲ: "ಸೊಸೆಯು ಇರಿ ಎನ್ನುತ್ತಾಳೆ. ಅತ್ತೆಯು ಹೋಗಿ ಎನ್ನುತ್ತಾರೆ. ಈ ಮನೆಯ ಯಜಮಾನಿ ಯಾರು?"

ಮದುವೆಯಾದಾಗಿನಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಚೆನ್ನಾಗಿದೆ

ಇನ್ನು ಹೀಗಾಗಬಾರದೆಂದು ಕಜಕರ ರೀತಿ ನೀತಿಗಳನ್ನೆಲ್ಲ ಫೋನಿನಲ್ಲಿ ಹುಡುಕಿ ಓದಿದೆ. ಅತಿಥಿ ಮನೆಯ ಯಾವ ವಸ್ತುವನ್ನಾದರೂ ಮೆಚ್ಚಿದರೆ ಅದನ್ನು ಅವರಿಗೇ ಕೊಡುವುದು ಅಲ್ಲಿಯ ಸಂಪ್ರದಾಯ ಎಂದಿತ್ತು.

ಬೆಳಿಗ್ಗೆ ಅಪಾ ನನ್ನ ಮೈಮೇಲಿದ್ದ ನೆಗಮಂ ಹತ್ತಿ ಸೀರೆಯ ಸೆರಗು ಮುಟ್ಟಿ ಚೆನ್ನಾಗಿದೆ ಎಂದರು. ಒಳಗೆ ಓಡಿದೆ, ಬೇರೆ ಸೀರೆ ಉಟ್ಟೆ, ಅದನ್ನು ಮಡಚಿ ತಂದು ಅವರ ಕೈಯಲ್ಲಿಟ್ಟೆ. ಅಪಾ ಸೀರೆ ಹಿಡಿದು ಸರಸರನೆ ಕೋಣೆಗೆ ಹೋದರು. ಸಂತೋಷಕ್ಕೆ ಎಂದುಕೊಂಡೆ. "ಒಗೆದಾದ್ರೂ ಕೊಡಬಾರದಿತ್ತಾ?" ಎಂದರು ನಮ್ಮವರು.

ಮಾರನೆಯ ದಿನ ಗ್ರೈಂಡರ್‌ನಲ್ಲಿ ಇಡ್ಲಿಯ ಉದ್ದಿನ ಹಿಟ್ಟು ತಿರುಗುತ್ತಿತ್ತು. ಕಲ್ಲು ಸುತ್ತುವುದನ್ನು ಅಪಾ ಮಗುವಿನ ಹಾಗೆ ನೋಡುತ್ತಾ ನಿಂತು, ಎಂಥ ಸೊಗಸಾದ ಯಂತ್ರ ಎಂದರು. ಮಗಳ ರೂಮು ಕಣ್ಣ ಮುಂದೆ ಬಂತು. ಹಿಟ್ಟು ತೆಗೆದು, ಕಲ್ಲು ತೊಳೆದು, ಒರೆಸಿ, ಗ್ರೈಂಡರನ್ನು ಅವರ ಪೆಟ್ಟಿಗೆಯ ಪಕ್ಕ ಇಟ್ಟು ಬಂದೆ.

ನೆನೆದ ಅಕ್ಕಿಯ ಪಾತ್ರೆ ಹಿಡಿದು ಅತ್ತೆ ಬಂದರು. "ಗ್ರೈಂಡರ್ ಎಲ್ಲಿ?"

"ಕೊಟ್ಟುಬಿಟ್ಟೆ, ಅತ್ತೆ."

"ರಿಪೇರಿಗಾ?"

"ಅಪಾಗೆ."

ಅತ್ತೆ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. "ಹಾಗಾದ್ರೆ ಇದನ್ನೂ ಪೆಟ್ಟಿಗೆಗೆ ಹಾಕು. ಹೇಗೂ ನೆನೆದಿದೆ, ಊರಿಗೆ ಹೋಗಿ ರುಬ್ಬಿಕೊಳ್ಳಲಿ."

ಕೊನೆಯ ಮರ್ಯಾದೆ

ಅಂದಿನಿಂದ ಅಪಾ ಬಾಯಿ ಬಿಡಲಿಲ್ಲ. ಇಡ್ಲಿ ಇಟ್ಟರೂ ಮೌನ, ಪಣಿಯಾರ ಇಟ್ಟರೂ ಮೌನ. ಗೋಡೆ ನೋಡಿದರೆ ಕ್ಯಾಲೆಂಡರ್, ಕಿಟಕಿ ನೋಡಿದರೆ ಪರದೆ ಕಾಣುತ್ತದೆಂಬಂತೆ ತಲೆ ತಗ್ಗಿಸಿಯೇ ತಿನ್ನುತ್ತಿದ್ದರು. "ಏನೋ ಮಾಡಿದೀಯ ಅಮ್ಮಾ," ಎಂದಳು ಮಗಳು. "ನನ್ನ ರೂಮು ಹೋಯ್ತು."

ಹೊರಡುವ ಹಿಂದಿನ ದಿನ ನಾನೇ ಅಪಾ ಎದುರು ಕೂತೆ. "ಬಾಗಿಲಲ್ಲಿ ತಪ್ಪು ಮಾಡಿದೆ, ಕಾಫಿಯಲ್ಲಿ ತಪ್ಪು ಮಾಡಿದೆ. ಇನ್ನೂ ಏನು ಮಾಡಿದ್ದೀನೋ ಗೊತ್ತಿಲ್ಲ. ನನ್ನ ಮೇಲಿನ ಸಿಟ್ಟಿಗೆ ಮಗಳ ರೂಮು ಬಿಡಿಸಬೇಡಿ," ಎಂದು ಫೋನಿಗೆ ಹೇಳಿದೆ.

ಅಪಾ ತುಂಬಾ ಹೊತ್ತು ಮಾತಾಡಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಫೋನು ಹೇಳಿತು: "ಸೀರೆಯನ್ನು ಹೊಗಳಿದೆನು, ಸೀರೆ ಬಂತು. ಕಲ್ಲಿನ ಯಂತ್ರವನ್ನು ಹೊಗಳಿದೆನು, ಯಂತ್ರ ಬಂತು. ಕೊಟ್ಟದ್ದನ್ನು ಬೇಡ ಎನ್ನಲು ನಮ್ಮಲ್ಲಿ ಬಾರದು. ಇಡ್ಲಿ ಚೆನ್ನಾಗಿದೆ ಎಂದರೆ ಪಾತ್ರೆಯೂ ಬರಬಹುದೆಂದು ಹೆದರಿ ಸುಮ್ಮನಿದ್ದೆನು. ರೂಮು ನಿಮ್ಮ ಮಗಳದೇ. ತಂಗಿಯ ಮಗನು ಅಡುಗೆಮನೆಯಲ್ಲಿ ಮಲಗುವನು. ಆದರೆ ದಯವಿಟ್ಟು ಆ ಕಲ್ಲನ್ನು ಹಿಂದಕ್ಕೆ ಪಡೆಯಿರಿ. ಎಣ್ಣೆ ಹಚ್ಚಿ ಸರಿಯಾದ ಮಂಡಿ ಅದನ್ನು ಹೊತ್ತರೆ ಮತ್ತೆ ಹೋಗುವುದು."

ನಾನು ನಕ್ಕೆನೋ ಕಣ್ಣೀರಿಟ್ಟೆನೋ ನೆನಪಿಲ್ಲ. ಕಟ್ಟಿಟ್ಟಿದ್ದ ಬಾಯಿ ಬಿಚ್ಚಿದ್ದೇ ಅಪಾ ಒಂದೊಂದನ್ನೇ ಹೊಗಳತೊಡಗಿದರು. ಇಡ್ಲಿ, ಪಣಿಯಾರ, ಕಿಟಕಿಯ ಪರದೆ. "ಅಮ್ಮಾ, ಕೂತಿರು, ಏನೂ ಎತ್ತಬೇಡ," ಎಂದು ಮಗಳು ನನ್ನ ಸೆರಗು ಹಿಡಿದುಕೊಂಡಳು.

ಕೊನೆಗೆ ಅಪಾ ಅತ್ತೆಯ ಹೆಗಲ ಮೇಲೆ ಕೈ ಹಾಕಿ, ನನ್ನ ಕಡೆ ತಿರುಗಿ ಏನೋ ಹೇಳಿದರು. ಫೋನು ಗಟ್ಟಿಯಾಗಿ ಹೇಳಿತು: "ಈ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ನಿಮ್ಮ ಅತ್ತೆ."

ಎಲ್ಲರೂ ನನ್ನನ್ನೇ ನೋಡಿದರು. ಒಳ್ಳೆಯ ಸೊಸೆಯಾದವಳು ಆ ಕ್ಷಣದಲ್ಲೇ ಏನಾದರೂ ಹೇಳಬೇಕಿತ್ತು. ನಾನು ಒಂದು ಉಸಿರಿನಷ್ಟು ತಡ ಮಾಡಿದೆ.

ಅತ್ತೆ ನನ್ನ ಮುಖವನ್ನು ಚೆನ್ನಾಗಿ ನೋಡಿ ಹೇಳಿದರು: "ಯೋಚನೆ ಮಾಡಬೇಡಮ್ಮಾ. ನನ್ನ ಹತ್ರ ಪಾಸ್‌ಪೋರ್ಟ್ ಇಲ್ಲ."