ಅಜ್ಜಿಯ ರಿವಾಲ್ವರಿಗೆ ನಮ್ಮ ಮನೆಯ ತುಪ್ಪ

ಕೆಲವರಿಗೆ ಊರು ಸುತ್ತಿದರೆ ಇಂಥ ಪ್ರಸಂಗಗಳು ಎದುರಾಗುತ್ತವೆ. ನಾನು ಅಮೆರಿಕದ ಕೇಟಿ ಎಂಬ ಊರಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರೂ ಅವೇ ಬಂದು ಬೆಲ್ ಒತ್ತುತ್ತಿದ್ದವು. ಯಾರಾದರೂ ಒತ್ತಲಿ ಎಂದೇ ನಾನೂ ಕಾಯುತ್ತಿದ್ದೆ. ನಮ್ಮವರು ಬೆಳಿಗ್ಗೆ ಹ್ಯೂಸ್ಟನ್ನಿನ ಆಫೀಸಿಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಹಗಲೆಲ್ಲ ಆ ಬೀದಿಯಲ್ಲಿ ಇರುತ್ತಿದ್ದವರು ಇಬ್ಬರೇ: ನಾನು ಮತ್ತು ಪಕ್ಕದ ಮನೆಯ ಅಮೆರಿಕನ್ ಅಜ್ಜಿ. ಮೈಸೂರಿನಲ್ಲಿ ಸೊಪ್ಪಿನವಳನ್ನೂ ಅರ್ಧ ಗಂಟೆ ನಿಲ್ಲಿಸಿಕೊಂಡು ಮಾತಾಡುತ್ತಿದ್ದ ನನಗೆ ಅಲ್ಲಿ ದಿನವಿಡೀ ಬಾಯಿ ತೆರೆಯುವ ಪ್ರಮೇಯವೇ ಇರಲಿಲ್ಲ. ಬಹಳ ಬೇಜಾರಾಗುತ್ತಿತ್ತು. ಹಾಗಿರುವಾಗ ಒಂದು ದಿನ ಅಜ್ಜಿ ಬೆಲ್ ಒತ್ತಿ, "ಹಂದಿ ಬೇಟೆಗೆ ಬರ್ತೀಯಾ?" ಎಂದರು.

ಲೈಸೆನ್ಸು

ಅಜ್ಜಿಯ ಗಂಡ ತೀರಿಕೊಳ್ಳುವಾಗ ಹಳೇ ಮಾದರಿಯ ಒಂದು ರಿವಾಲ್ವರ್ ಬಿಟ್ಟುಹೋಗಿದ್ದರು. ಅದರ ಒಂದೊಂದು ತೂತಿಗೂ ಕರಿ ಮದ್ದು ಸುರಿದು, ಸೀಸದ ಗುಂಡು ಒತ್ತಿ, ಹಿಂದೆ ಕಿಡಿ ಹಾರಿಸುವ ಕೇಪು ಸಿಕ್ಕಿಸಬೇಕು. ಆಸ್ಟಿನ್ ದಾರಿಯಲ್ಲಿ ಅಜ್ಜಿಯ ತಮ್ಮನ ಜಮೀನಿತ್ತು, ಅಲ್ಲಿ ಕಾಡುಹಂದಿಯ ಕಾಟವಿತ್ತು. ಆದರೆ ಮಂಡಿ ಆಪರೇಷನ್ ಆದ ಅಕ್ಕ ಒಬ್ಬಳೇ ಬರಕೂಡದು, ಜೊತೆಗೆ ಯಾರಾದರೂ ಇರಲೇಬೇಕು ಎಂದು ತಮ್ಮನ ಕಟ್ಟಪ್ಪಣೆ.

"ಬದನೆಕಾಯಲ್ಲಿ ಹುಳ ಕಂಡ್ರೆ ಕಿರಚ್ತೀಯ, ನೀನು ಹಂದಿ ಬೇಟೆಗಾ?" ಎಂದರು ನಮ್ಮವರು.

"ಹೊಡೆಯೋಕಲ್ಲ ಕಣ್ರೀ, ಮಾತಾಡೋಕೆ."

ಅಜ್ಜಿ ಕಾನೂನಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಜೊತೆಗೆ ಕೂರುವವಳಾದರೂ ಸರಿ, ಸುರಕ್ಷತೆಯ ತರಗತಿಗೆ ಹೋಗಬೇಕು, ಬೇಟೆಯ ಲೈಸೆನ್ಸು ಮಾಡಿಸಬೇಕು ಎಂದರು. ಹೋದೆ, ಪಾಸಾದೆ. ನನ್ನದು ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ. ಆ ದೇಶದಲ್ಲಿ ಇರಬಹುದಿತ್ತು, ದುಡಿಯುವಂತಿರಲಿಲ್ಲ. ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಹಿಡಿದಿದ್ದರೆ ಊರಿಗೆ ಓಡಿಸುತ್ತಿದ್ದರು. ಹಂದಿ ಹೊಡೆಯುತ್ತೇನೆ ಎಂದದ್ದಕ್ಕೆ ಕೈಕುಲುಕಿ ಲೈಸೆನ್ಸು ಕೊಟ್ಟರು.

ಮೌನವ್ರತ

ಮೊದಲ ಶನಿವಾರ, ಏನೇನು ಮಾತಾಡಬೇಕು ಎಂದು ಹಿಂದಿನ ದಿನವೇ ಮನಸ್ಸಿನಲ್ಲಿ ಇಂಗ್ಲಿಷಿಗೆ ಹಾಕಿಕೊಂಡು ಹೊರಟೆ. ಟ್ರಕ್ಕಿನಲ್ಲಿ ಬಾಯಿ ತೆರೆದರೆ, "ಡ್ರೈವ್ ಮಾಡುವಾಗ ಬೇಡ" ಎಂದರು. ಕಾಡಿನಂಚಿನಲ್ಲಿ ಅಡಗಿ ಕೂರಲು ಹಲಗೆ ಹೊಡೆದ ಪುಟ್ಟ ಗೂಡು. ಇಬ್ಬರೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಒಳಗೆ ಕೂತೆವು. ನಾನು "ನಮ್ಮೂರಲ್ಲಿ..." ಎನ್ನುವಷ್ಟರಲ್ಲಿ ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು. ಹಂದಿಗೆ ಕಣ್ಣು ಮಂದ, ಕಿವಿ ಚುರುಕಂತೆ. ಮಧ್ಯಾಹ್ನದವರೆಗೆ ನನಗೆ ನನ್ನ ಹೊಟ್ಟೆಯ ಸದ್ದೊಂದೇ ಕೇಳಿಸಿದ್ದು.

ಮನೆ ಮುಂದೆ ಇಳಿಸುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು, "ನಿನ್ನ ಜೊತೆ ಎಷ್ಟು ಚೆನ್ನಾಗಿ ಹೊತ್ತು ಹೋಯ್ತು!" ಎಂದರು. ಬಾಯಿ ಮುಚ್ಚಿಕೊಂಡಿದ್ದಕ್ಕೆ ನನ್ನನ್ನು ಹೊಗಳಿದವರು ನಮ್ಮ ವಂಶದಲ್ಲೇ ಇಲ್ಲ.

ತುಪ್ಪ

ಗುಂಡು ತುಂಬಿದ ಮೇಲೆ ಪ್ರತಿ ತೂತಿನ ಬಾಯಿಗೂ ಜಿಡ್ಡು ಮೆತ್ತಬೇಕು. ಇಲ್ಲದಿದ್ದರೆ ಒಂದರ ಕಿಡಿ ಇನ್ನೊಂದಕ್ಕೆ ಹಾರಿ ಎಲ್ಲವೂ ಒಟ್ಟಿಗೆ ಸಿಡಿಯಬಹುದಂತೆ. ಅಜ್ಜಿ ಅದಕ್ಕೆ ಹಂದಿಯ ಕೊಬ್ಬಿನ ಡಬ್ಬ ನನ್ನ ಮುಂದೆ ಹಿಡಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಮುಂದಿನ ವಾರ ಮನೆಯಲ್ಲಿ ಕಾಯಿಸಿದ ತುಪ್ಪ ತಂದುಕೊಟ್ಟೆ. ಅಜ್ಜಿ ಮೂಸಿ, ಬೆರಳದ್ದಿ ಚೀಪಿ, ಆಗಬಹುದು ಎಂದರು.

ಅಲ್ಲಿನ ಬಿಸಿಲು ಗೊತ್ತಲ್ಲ. ತುಪ್ಪ ಕರಗಿ ಅಜ್ಜಿಯ ಪ್ಯಾಂಟಿನ ಮೇಲೆ ಇಳಿಯಿತು. ಗೂಡಿನ ತುಂಬ ಮೈಸೂರುಪಾಕಿನ ಘಮ. ನನಗೆ ಮನೆ ನೆನಪಾಗಿ ಕಣ್ಣು ತುಂಬಿಕೊಳ್ಳುವ ಹೊತ್ತಿಗೆ ಕೆಂಪಿರುವೆಗಳು ಸಾಲುಗಟ್ಟಿ ಅಜ್ಜಿಯ ಕಾಲು ಹತ್ತಿದ್ದವು. ಅಜ್ಜಿ ತುಟಿ ಕಚ್ಚಿ ಹಿಡಿದು, ರಿವಾಲ್ವರಿನ ಕೇಪುಗಳನ್ನು ಒಂದೊಂದಾಗಿ ತೆಗೆದು, ಮೂತಿ ಆಚೆ ಮಾಡಿ ಹಲಗೆಯ ಮೇಲೆ ಜೋಪಾನವಾಗಿ ಇಟ್ಟರು. ಆಮೇಲೆ ಕುಣಿದರು.

ಅವನ್

ತುಂಬಿದ ಮದ್ದನ್ನು ಹಾಗೇ ಮನೆಗೆ ತರುವಂತಿಲ್ಲ. ಹೊರಡುವ ಮುಂಚೆ ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡಬೇಕು. ಹೊಡೆದ ಮೇಲೆ ಒಳಗೆ ಕೂರುವ ಮಸಿಗೆ ಕೊಳೆತ ಮೊಟ್ಟೆಯ ವಾಸನೆ. ಅವತ್ತೇ ಬಿಸಿನೀರು ಸೋಪಿನಲ್ಲಿ ತೊಳೆದು ಒಣಗಿಸದಿದ್ದರೆ ತುಕ್ಕು. ಅಜ್ಜಿ ಒಣಗಿಸುತ್ತಿದ್ದದ್ದು ಅಡುಗೆಮನೆಯ ಅವನ್‌ನಲ್ಲಿ. ಒಮ್ಮೆ ಅವರದು ಕೆಟ್ಟಿತ್ತು, ನಮ್ಮ ಮನೆಯದರಲ್ಲಿ ಇಟ್ಟರು.

ಸಂಜೆ ನಮ್ಮವರು ಬಂದು, "ಏನೋ ಬಿಸಿಯಾಗ್ತಿದೆ, ಏನು ತಿಂಡಿ?" ಎಂದು ಅವನ್ ಬಾಗಿಲು ತೆರೆದರು. ತಟ್ಟೆಯ ಮೇಲೆ ರಿವಾಲ್ವರ್. ಮೆಲ್ಲಗೆ ಬಾಗಿಲು ಮುಚ್ಚಿ ಸೋಫಾದ ಮೇಲೆ ಹೋಗಿ ಕೂತರು. ಅಲ್ಲಿಂದಾಚೆಗೆ ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಅವರು ಒಮ್ಮೆಯೂ ಅಂದಿಲ್ಲ.

ಎಳ್ಳು

ಆ ವರ್ಷ ಸಂಕ್ರಾಂತಿ ಶನಿವಾರ ಬಂತು. ನಮ್ಮವರು ಆಫೀಸಿನ ಕೆಲಸವೆಂದು ಡಲ್ಲಾಸಿಗೆ ಹೋಗಿದ್ದರು. ಎಳ್ಳು, ಬೆಲ್ಲ, ಕೊಬ್ಬರಿ ಎಲ್ಲ ಹೆಚ್ಚಿ ಬೆರೆಸಿ, ರೇಷ್ಮೆ ಸೀರೆ ಉಟ್ಟು, ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಯಾರ ಮನೆಗೆಂದು ಹೋಗಿ ಬೀರಲಿ? ಅಜ್ಜಿ ಟ್ರಕ್ಕಿನ ಹಾರ್ನ್ ಹೊಡೆದಾಗ ಅಳುತ್ತಿದ್ದೆ. ಸೀರೆಯ ಮೇಲೆಯೇ ಕಿತ್ತಳೆ ಜಾಕೆಟ್ ಏರಿಸಿಕೊಂಡು ಹೊರಟೆ.

ಗೂಡಿನಲ್ಲಿ ಎಳ್ಳು ಕೊಟ್ಟೆ. ಅಜ್ಜಿ ಅಗಿಯುತ್ತಾ, "ಇದನ್ನ ತಿಂದು ಏನು ಮಾಡಬೇಕು?" ಎಂದು ಪಿಸುಗುಟ್ಟಿದರು.

"ಒಳ್ಳೇ ಮಾತಾಡಬೇಕು."

ನನ್ನ ಮುಖ ನೋಡಿ, "ಇವತ್ತು ಹಂದಿ ಹಾಳಾಗಲಿ, ಆಡು" ಎಂದರು.

ಆಡಿದೆ. ಇಂಗ್ಲಿಷಿನಲ್ಲಿ ಶುರುವಾದದ್ದು ಯಾವಾಗ ಕನ್ನಡಕ್ಕೆ ಹೊರಳಿತೋ ತಿಳಿಯಲಿಲ್ಲ. ಅಮ್ಮ ಏನೋ ಹೇಳಲು ಶುರು ಮಾಡಿದಾಗಲೇ ಕಾಲಿಂಗ್ ಕಾರ್ಡ್ ಮುಗಿದುಹೋಗುವುದು, ಮಾತಿಗೆ ಜನವಿಲ್ಲದೆ ಕುಕ್ಕರನ್ನು ಗದರುವುದು, ಎಲ್ಲ ಹೇಳಿಕೊಂಡೆ. ಆಗ ಪೊದೆಯಿಂದ ಒಂದು ಒಂಟಿ ಹಂದಿ ಹೊರಬಂದು ಕಿವಿ ನಿಮಿರಿಸಿ ನಿಂತಿತು. ನಾನು ಗಪ್ಪನೆ ಬಾಯಿ ಮುಚ್ಚಿದೆ. ಅದು ಹಿಂದೆ ತಿರುಗಿತು.

"ನಿಲ್ಲಿಸಬೇಡ, ಮಾತಾಡು!" ಅಜ್ಜಿ ರಿವಾಲ್ವರ್ ಎತ್ತಿ, ಕೇಪಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ಗುರಿ ಇಟ್ಟರು.

ಗಂಡ ಹೋದ ಮೇಲೆ ಅಜ್ಜಿಯ ಎದುರಿಗೆ ಬಂದ ಮೊದಲ ಹಂದಿ. ಸುಮ್ಮನಿದ್ದರೆ ಅಜ್ಜಿಗೆ ದ್ರೋಹ, ಮಾತಾಡಿದರೆ ಅದರ ಪ್ರಾಣ ಹೋಗುತ್ತದೆ. ಕೊನೆಗೆ ಕನ್ನಡದಲ್ಲೇ ಅಂದೆ: "ಓಡೋಗೋ ಮಾರಾಯ, ಹೊಡೀತಾರೆ!"

ಅದು ಒಂದು ಹೆಜ್ಜೆ ಹತ್ತಿರ ಬಂತು.

ಅಜ್ಜಿ ಕುದುರೆಯನ್ನು ನಿಧಾನವಾಗಿ ಇಳಿಸಿದರು. "ಇಷ್ಟು ಗಮನ ಇಟ್ಟು ಕೇಳ್ತಿರೋನನ್ನ ಹೇಗೆ ಹೊಡೆಯಲಿ? ನಮ್ಮ ಮನೆಯವರು ಬದುಕಿದ್ದಷ್ಟು ದಿನ ನನ್ನ ಮಾತು ಒಂದು ಸಲವೂ ಹೀಗೆ ಕೇಳಲಿಲ್ಲ." ಕಣ್ಣೊರೆಸಿಕೊಂಡು, "ಮುಂದುವರಿಸು, ಕಾಯ್ತಾ ಇದೆ" ಎಂದರು.

ಸಂಜೆ ಡಲ್ಲಾಸಿನಿಂದ ಫೋನ್ ಬಂತು. "ಹಬ್ಬ ಹೇಗಾಯ್ತೇ? ಯಾರಾದ್ರೂ ಸಿಕ್ಕಿದ್ರಾ?"

"ಅಜ್ಜಿ ಇದ್ರು. ಇನ್ನೊಬ್ಬರು ಬಂದಿದ್ರು."

"ಕನ್ನಡದವರಾ?"

"ಗೊತ್ತಿಲ್ಲ ಕಣ್ರೀ. ಆದ್ರೆ ಪೂರ್ತಿ ಕೇಳಿಸ್ಕೊಂಡ್ರು."